ಕಾರು ನಿಮ್ಮದು, ಕಾಲು ನಮ್ಮದು

ಭಾನುವಾರ ಬಂತೆಂದರೆ ಮನೆ ಮುಂದೆ ಕಾರು ಎತ್ತಿ, ತಾವೇ ಬ್ರೇಕ್ ಪ್ಯಾಡ್ ಬದಲಾಯಿಸುವವರು ನಮ್ಮೂರಲ್ಲೂ ಇದ್ದಾರೆ. ಮೆಕ್ಯಾನಿಕ್ ಕೂಲಿ ಉಳೀತು ಅನ್ನೋ ಖುಷಿ. ಬೇಡ ಅನ್ನೋದಿಲ್ಲ ಸ್ವಾಮಿ. ಪ್ಯಾಡ್ ಸವೆದು 3 ಮಿ.ಮೀ.ಗೆ ಬಂದರೆ ಬದಲಾಯಿಸಲೇಬೇಕು, ಕೈ ಪಳಗಿದವರಿಗೆ ಅದು ದೊಡ್ಡ ಕೆಲಸವೂ ಅಲ್ಲ. ಜಾಕ್ ಒಂದನ್ನೇ ನಂಬಿ, ಸ್ಟ್ಯಾಂಡ್ ಕೊಡದೆ ಕೂರುವವರದು ಮಾತ್ರ ಮೊಂಡು ಧೈರ್ಯ. ಹೋಗಲಿ, ಅದು ಅವರವರ ಹಣೆಬರಹ.

ನಮ್ಮ ತಕರಾರು ಬೇರೆ. ಹೊಸ ಪ್ಯಾಡ್ ದಪ್ಪ. ಅದು ಕೂರಬೇಕಾದರೆ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಬೇಕು. ಆಗ ಸಂದು ಉಳಿಯುತ್ತೆ. ಮೊದಲ ಸಲ ತುಳಿದರೆ ಪೆಡಲ್ ಸೀದಾ ಕೆಳಕ್ಕೆ ಹೋಗುತ್ತೆ, ಗಾಡಿ ನಿಲ್ಲೋದಿಲ್ಲ! ನಿಂತಲ್ಲೇ ಹತ್ತಾರು ಸಲ ತುಳಿದು, ಪೆಡಲ್ ಗಟ್ಟಿಯಾದ ಮೇಲೇ ಗೇರ್ ಹಾಕಬೇಕು. ಇದನ್ನು ಮರೆತ ಮಹಾಶಯರು ಇಳಿಜಾರಿನಲ್ಲಿ ಬಂದರೆ ಎದುರಿಗೆ ಸಿಗೋರು ಯಾರು? ಬಸ್ಸಿಗೆ ಕಾದವರು, ಅಂಗಡಿ ಬಾಗಿಲಲ್ಲಿ ನಿಂತವರು.

ಮುಂದಿನ ಒಂದು ಚಕ್ರಕ್ಕೆ ಹೊಸದು ಹಾಕಿ, ಇನ್ನೊಂದಕ್ಕೆ ಹಳೇದನ್ನೇ ಬಿಡೋ ಜಿಪುಣರೂ ಉಂಟು. ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೀಬಹುದು. ಎಡಕ್ಕೆ ಎಳೆದರೆ ಅಲ್ಲಿರೋದು ಫುಟ್‌ಪಾತು.

ಪ್ಯಾಡ್ ಹಾಕಿದ ದಿನ ದಯವಿಟ್ಟು ಪೇಟೆ ಬೀದಿಗೆ ಬರಬೇಡಿ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ನಿಲ್ಲಿಸಿ ನೋಡಿ.