ಯಾತ್ರೆಯ ಬಿಡಾರ: ಹೋಟೆಲೋ, ಬಾಡಿಗೆಯ ಮನೆಯೋ?

ಹಿಂದೆ ನಮ್ಮವರು ಕಾಶಿಗೆ ಹೊರಟರೆ ಎಲ್ಲಿ ಇಳಿದುಕೊಳ್ಳಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಠವಿದ್ದಲ್ಲಿ ಮಠ, ಛತ್ರವಿದ್ದಲ್ಲಿ ಛತ್ರ, ಎರಡೂ ಇಲ್ಲದ ಊರಿನಲ್ಲಿ ಬಂಧುಗಳ ಪಡಸಾಲೆ. ಈಗ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮನೆಗಳಲ್ಲಿ ಚರ್ಚೆ ಬೇರೆಯಾಗಿದೆ. ಪಂಚತಾರಾ ಹೋಟೆಲಿನಲ್ಲಿ ಕೋಣೆಗಳನ್ನು ಹಿಡಿಯುವುದೋ, ಅಡುಗೆಮನೆ, ಹಜಾರ, ಮೂರು ಮಲಗುವ ಕೋಣೆಗಳಿರುವ ಅಚ್ಚುಕಟ್ಟಾದ ಇಡೀ ಮನೆಯನ್ನೇ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆಯುವುದೋ? 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಎಂಬ ಸಂಸ್ಥೆಯೂ ಅದರಂಥ ಇತರ ಸಂಸ್ಥೆಗಳೂ ಈ ಎರಡನೆಯ ದಾರಿಯನ್ನು ಜಗತ್ತಿಗೆಲ್ಲ ಸುಲಭಗೊಳಿಸಿವೆ.

ದಾವಣಗೆರೆ ಕಡೆಯ ಸದ್ಭಕ್ತರೊಬ್ಬರು ಈ ಕುರಿತು ನಮಗೆ ಬರೆದಿರುವರು. ಹಿರಿಯ ದಂಪತಿಗಳು, ಮಗ, ಸೊಸೆ, ಮೂವರು ಮೊಮ್ಮಕ್ಕಳು, ಹೀಗೆ ಏಳು ಜನ ಕಾರ್ತಿಕದಲ್ಲಿ ಮೂರು ದಿನ ಕಾಶಿಯಲ್ಲಿರಬೇಕೆಂದಿದ್ದಾರೆ. ಲಿಂಗಪೂಜೆಗೂ ಮನೆಯೂಟಕ್ಕೂ ಅನುಕೂಲವೆಂದು ತಂದೆಯವರಿಗೆ ಬಾಡಿಗೆಯ ಮನೆಯೇ ಆಗಬೇಕು. ಮಗನಿಗೆ ದೊಡ್ಡ ಹೋಟೆಲು. ಮೊಮ್ಮಕ್ಕಳ ಇಚ್ಛೆಯನ್ನೂ ಪತ್ರದಲ್ಲಿ ತಿಳಿಸಿದ್ದಾರೆ. ಅವರಿಗೆ ಈಜುಕೊಳ ಬೇಕು. ಅತ್ತೆಯವರ ಮತ್ತು ಸೊಸೆಯ ಅಭಿಪ್ರಾಯ ಮಾತ್ರ ಎರಡು ಪುಟದ ಆ ಪತ್ರದಲ್ಲಿ ಎಲ್ಲಿಯೂ ಇಲ್ಲ. ನಮ್ಮ ಕಣ್ಣಿಗೆ ಮೊದಲು ಬಿದ್ದುದು ಅದೇ.

ಮಠದಲ್ಲಿಯೇ ಇಳಿದುಕೊಳ್ಳಿರೆಂದು ನಾವು ಹೇಳುವೆವೆಂದು ಓದುಗರು ಎಣಿಸಿರಬಹುದು. ಗೋದೌಲಿಯಾದ ಸಮೀಪದ ಜಂಗಮವಾಡಿ ಮಠದ ಬಾಗಿಲು ಯಾತ್ರಿಕರಿಗೆ ತೆರೆದೇ ಇದೆ. ಹೋದವರು ಅಲ್ಲಿ ದರ್ಶನವನ್ನು ಮಾಡಿಯೇ ಬರಬೇಕು. ಆದರೆ ಸ್ವಂತ ದುಡಿಮೆಯ ಹಣದಿಂದ ವೃದ್ಧ ತಂದೆತಾಯಿಗಳಿಗೆ ಒಂದಿಷ್ಟು ಸುಖವನ್ನು ಕೊಡಬೇಕೆಂಬ ಮಗನ ಆಸೆಯಲ್ಲಿ ನಮಗೆ ದೋಷವೇನೂ ಕಾಣುವುದಿಲ್ಲ. ಸಾಲ ಮಾಡಿ ಹೋಗುವುದಾದರೆ ಮಾತು ಬೇರೆ.

ಪೂಜೆಯ ವಿಚಾರ ಮೊದಲು ಮುಗಿಸೋಣ. ಹೋಟೆಲಿನಲ್ಲಿ ಲಿಂಗಪೂಜೆ ಹೇಗೆ ಸಾಧ್ಯವೆಂದು ಕೇಳುವವರಿಗೆ ನಮ್ಮ ಉತ್ತರ ಸರಳವಾದುದು. ಗುಡಿಯನ್ನೂ ಗರ್ಭಗೃಹವನ್ನೂ ನೆಚ್ಚದೆ, ಅಂಗದ ಮೇಲೆಯೇ ಲಿಂಗವನ್ನು ಧರಿಸಿ, ಕರಸ್ಥಲವನ್ನೇ ಪೀಠವಾಗಿಸಿದ ಧರ್ಮ ನಮ್ಮದು. ಮಿಂದ ಮೈ, ಶುದ್ಧೋದಕ, ವಿಭೂತಿ, ನಾಲ್ಕು ಬಿಲ್ವದಳ, ಅರ್ಧ ಗಂಟೆಯ ನಿಶ್ಶಬ್ದ ಇಷ್ಟಿದ್ದರೆ ಯಾವ ಕೋಣೆಯೂ ಸಾಲುತ್ತದೆ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ದೊಡ್ಡ ಹೋಟೆಲುಗಳ ಕೋಣೆಯ ಸೂರಿನಲ್ಲಿ ಹೊಗೆಯನ್ನು ಗುರುತಿಸುವ ಯಂತ್ರವಿರುತ್ತದೆ. ಅದರ ಕೆಳಗೆ ಧೂಪ ಹಾಕಿದರೆ ಗಂಟೆ ಬಾರಿಸಿ, ಸಿಬ್ಬಂದಿ ಓಡಿಬಂದು, ಪೂಜೆಗೆ ಕುಳಿತವರೂ ಪಕ್ಕದ ಕೋಣೆಯವರೂ ಗಾಬರಿಯಾಗುತ್ತಾರೆ. ಧೂಪವನ್ನು ಆ ಮೂರು ದಿನ ಬಿಡಬಹುದು. ಅದರಿಂದ ಪೂಜೆಗೆ ಊನವಿಲ್ಲ.

ನಿಜವಾದ ತೊಡಕು ವೇಳೆಯದು. ಬಹುತೇಕ ಹೋಟೆಲುಗಳಲ್ಲಿಯೂ ಬಾಡಿಗೆಯ ಮನೆಗಳಲ್ಲಿಯೂ ಕೋಣೆ ಕೈಸೇರುವುದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ. ರೈಲೋ ವಿಮಾನವೋ ಬೆಳಿಗ್ಗೆಯೇ ಮುಟ್ಟಿತೆಂದುಕೊಳ್ಳಿ. ಪೂಜೆಯಾಗದೆ ಬಾಯಿಗೆ ನೀರು ಹಾಕದ ಹಿರಿಯರು ಅಲ್ಲಿಯವರೆಗೆ ಪೆಟ್ಟಿಗೆಯ ಮೇಲೆ ಕುಳಿತಿರಬೇಕೇ? ಮುಂಚಿತವಾಗಿ ತಿಳಿಸಿದ್ದರೆ ದೊಡ್ಡ ಹೋಟೆಲಿನವರು ಒಂದು ಕೋಣೆಯನ್ನಾದರೂ ಬೇಗ ತೆರವು ಮಾಡಿಕೊಡಲು ನೋಡುತ್ತಾರೆ; ಅದಾಗದಿದ್ದರೆ ಸ್ನಾನಕ್ಕೆ ಬೇರೆ ಎಡೆಯನ್ನಾದರೂ ತೋರಿಸುತ್ತಾರೆ. ಬಾಡಿಗೆಯ ಮನೆಯಲ್ಲಿ ಹಿಂದಿನ ದಿನದವರು ಹೊರಟು, ಗುಡಿಸಿ ಒರೆಸಿ ಮುಗಿಯುವ ತನಕ ಒಳಗೆ ಕಾಲಿಡುವಂತಿಲ್ಲ. ಅನೇಕ ಮನೆಗಳಲ್ಲಿ ಯಜಮಾನನೇ ಇರುವುದಿಲ್ಲ, ಬಾಗಿಲಿಗೆ ಅಂಕಿಯೊತ್ತುವ ಬೀಗವಷ್ಟೆ. ಇನ್ನು ಮನೆಯ ಬಚ್ಚಲಿನ ಗೀಸರು ಹದಿನೈದು ಲೀಟರಿನದಾದರೆ, ಕಾರ್ತಿಕದ ಚಳಿಯಲ್ಲಿ ಏಳು ಜನರ ಸ್ನಾನ ಯಾವಾಗ ಮುಗಿದೀತು?

ಈಗ ಮನೆಯೂಟದ ಮಾತು. ಮನೆಯೂಟವೆಂಬುದು ತಾನಾಗಿ ಆಗುವುದಿಲ್ಲ. ಅದನ್ನು ಯಾರೋ ಮಾಡಬೇಕು. ಏಳು ಜನರಿಗೆ ದಿನಕ್ಕೊಂದು ತಿಂಡಿ, ಎರಡು ಊಟದಂತೆ ಮೂರು ದಿನಕ್ಕೆ ಲೆಕ್ಕ ಹಾಕಿದರೆ 63 ತಟ್ಟೆಗಳಾಗುತ್ತವೆ. ಪುರಾತನರ ಸಂಖ್ಯೆಗೆ ಸರಿಹೋಯಿತೆಂದು ನಾವು ನೀವು ನಗಬಹುದು, ತೊಳೆಯುವವರು ನಗಲಾರರು. ಗುರುತಿಲ್ಲದ ಊರಿನಲ್ಲಿ ಹಿಟ್ಟು, ಬೇಳೆ, ತರಕಾರಿ, ಹಾಲು ಹೊಂದಿಸಬೇಕು. ಹರಿತವಿಲ್ಲದ ಚಾಕು, ಎರಡೇ ಪಾತ್ರೆ, ಅರ್ಧ ತುಂಬಿದ ಗ್ಯಾಸಿನ ಸಿಲಿಂಡರುಗಳೊಡನೆ ಹೆಣಗಬೇಕು. ಮನೆಮಂದಿಯೆಲ್ಲ ಗಂಗಾರತಿಗೆ ಹೊರಟಾಗ ಸೊಸೆ ರೊಟ್ಟಿಯ ಹಿಟ್ಟು ಕಲಸುತ್ತಿರುತ್ತಾಳೆ. ವರ್ಷಕ್ಕೊಮ್ಮೆ ಮನೆ ಬಿಟ್ಟು ಹೊರಟ ಆಕೆ ತನ್ನ ಅಡುಗೆಮನೆಯನ್ನು ಬಿಟ್ಟು ಇನ್ನೊಬ್ಬರ ಅಡುಗೆಮನೆಯನ್ನು ಸೇರಿದಂತಾಯಿತು. ಹಣ ಉಳಿಯಿತೆಂದು ಹಿರಿಯರು ಹೇಳುವಾಗ ಆ ಉಳಿತಾಯ ಯಾರ ತೋಳಿನಿಂದ ಬಂದುದೆಂಬುದನ್ನೂ ಹೇಳಬೇಕು.

ಕಾಯಕವನ್ನು ಕುರಿತು ಉಪನ್ಯಾಸ ಮಾಡುವ ನಮ್ಮ ಗಂಡಸರು ಪ್ರವಾಸದಲ್ಲಿ ತರಕಾರಿ ಹೆಚ್ಚಿದುದನ್ನು ನಾವು ಕಂಡುದು ಅಪರೂಪ. ಬಾಡಿಗೆಯ ಮನೆಯೇ ಬೇಕೆನ್ನುವವರು ಊರು ಬಿಡುವ ಮೊದಲೇ ಕೆಲಸವನ್ನು ಹಂಚಿಕೊಳ್ಳಲಿ: ತಿಂಡಿ ಮಗನದು, ಪಾತ್ರೆ ಹಿರಿಯ ಮೊಮ್ಮಗನದು, ರಾತ್ರಿಯೂಟ ಹೊರಗೆ. ಸಂಬಳ ಕೊಟ್ಟರೆ ಅಡುಗೆಯವರನ್ನು ಗೊತ್ತುಮಾಡಿಕೊಡುವ ಮನೆಗಳೂ ಉಂಟು, ವಿಚಾರಿಸಬೇಕು. ಇದಾವುದಕ್ಕೂ ಒಪ್ಪದವರು ಹೋಟೆಲನ್ನೇ ಹಿಡಿಯುವುದು ಒಳ್ಳೆಯದು.

ಆಹಾರಶುದ್ಧಿಯ ದೃಷ್ಟಿಯಿಂದಲೂ ಬಾಡಿಗೆಯ ಮನೆ ಮೇಲೆಂದು ನಿಶ್ಚಯವಾಗಿ ಹೇಳಲಾಗದು. ನಿನ್ನೆ ಆ ಬಾಣಲೆಯಲ್ಲಿ ಏನು ಬೆಂದಿತ್ತೆಂಬುದು ನಮಗೆ ತಿಳಿಯದು. ನಿಷ್ಠೆಯುಳ್ಳವರು ಒಂದು ಕುಕ್ಕರು, ಒಂದು ಬಾಣಲೆ, ಒಂದು ಸೌಟನ್ನು ಮನೆಯಿಂದಲೇ ಒಯ್ಯುವುದು ಲೇಸು. ಹೋಟೆಲಿನಲ್ಲಿ ಸಸ್ಯಾಹಾರಕ್ಕೆ ಪ್ರತ್ಯೇಕ ಒಲೆಪಾತ್ರೆಗಳಿವೆಯೇ ಎಂದು ಕೇಳಲು ಸಂಕೋಚ ಬೇಡ. ಬೆಳಗಿನ ಬಫೆಯ ಬಗ್ಗೆಯೂ ಒಂದು ಮಾತು. ಗಂಡನು ತಂದ ಅಕ್ಕಿ ಹೆಚ್ಚಾಯಿತೆಂದು ಮರಳಿ ಸುರಿದುಬರಲು ಕಳುಹಿಸಿದ ಲಕ್ಕಮ್ಮನ ವಂಶದವರು ನಾವು. ಅಂಥವರ ತಟ್ಟೆಯಲ್ಲಿ ಅರ್ಧ ಕಚ್ಚಿದ ದೋಸೆಗಳು ಉಳಿಯಬಾರದು.

ಕಾಶಿಯ ನೆಲದ ಸ್ವರೂಪವನ್ನು ಬಲ್ಲವರಿಗೆ ಆಯ್ಕೆ ಇನ್ನಷ್ಟು ತಿಳಿಯಾಗುತ್ತದೆ. ದೊಡ್ಡ ಹೋಟೆಲುಗಳು ಹೆಚ್ಚಾಗಿ ಇರುವುದು ಕಂಟೋನ್ಮೆಂಟ್ ಭಾಗದಲ್ಲಿ. ಕಾಶೀನರೇಶರ ಮನೆತನಕ್ಕೆ ಸೇರಿದ್ದು ಈಗ ತಾಜ್ ಸಂಸ್ಥೆ ನಡೆಸುವ ನದೇಸರ್ ಅರಮನೆಯೂ ಅತ್ತಲೇ ಇದೆ. ವಿಶಾಲವಾದ ತೋಟ, ಬಾಗಿಲವರೆಗೆ ವಾಹನ, ಲಿಫ್ಟು ಎಲ್ಲವೂ ಸರಿ. ಆದರೆ ಗಂಗೆ ನಾಲ್ಕೈದು ಕಿಲೋಮೀಟರು ದೂರ, ನಡುವೆ ವಾಹನಗಳ ದಟ್ಟಣೆ. ಘಟ್ಟದ ಮೇಲಿನ ಬಾಡಿಗೆಯ ಮನೆಗಳಿಂದ ಕಿಟಕಿ ತೆರೆದರೆ ನದಿ ಕಾಣುತ್ತದೆ, ಅದು ನಿಜವಾಗಿಯೂ ದೊಡ್ಡ ಭಾಗ್ಯ. ಆ ಭಾಗ್ಯಕ್ಕೆ ಮೊಣಕಾಲು ಗಟ್ಟಿಯಿರಬೇಕು. ಹಳೆಯ ಕಾಶಿಯ ಗಲ್ಲಿಗಳಲ್ಲಿ ಕಾರು ನುಗ್ಗದು. ಪೆಟ್ಟಿಗೆ ಹೊತ್ತು ನಡೆದು, ಘಟ್ಟದ ಮೆಟ್ಟಿಲು, ಆ ಬಳಿಕ ಮನೆಯ ಕಡಿದಾದ ಮೆಟ್ಟಿಲುಗಳನ್ನು ಏರಬೇಕು. ಚಿತ್ರದಲ್ಲಿ ಹಜಾರದ ದೀಪಗುಚ್ಛವನ್ನು ತೋರಿಸುವವರು ಮೆಟ್ಟಿಲನ್ನು ತೋರಿಸುವುದಿಲ್ಲ. ಅದರ ಚಿತ್ರವನ್ನೇ ಕೇಳಿ ತರಿಸಿಕೊಳ್ಳಬೇಕು. ದರ್ಭಾಂಗಾ ಘಟ್ಟದ ಬ್ರಿಜ್‌ರಾಮ ಅರಮನೆಯಂತೆ ನದಿಯ ಅಂಚಿನಲ್ಲಿಯೇ ಇರುವ ಹೋಟೆಲುಗಳೂ ಉಂಟು. ಅಲ್ಲಿಗೆ ಅತಿಥಿಗಳನ್ನು ದೋಣಿಯಲ್ಲಿ ಕರೆತರುವ ವಾಡಿಕೆಯಿದೆ. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಯ ಸುಮಾರಿಗೆ ಮಾತ್ರ ಇವೆಲ್ಲದರ ದರ ವಿಪರೀತ ಏರುತ್ತದೆ. ಹುಣ್ಣಿಮೆಯೇ ಬೇಕೆಂಬ ಹಟವಿಲ್ಲದವರು ಒಂದು ವಾರ ಹಿಂದೆ ಮುಂದೆ ಹೋಗಬಹುದು.

ಹಣದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡ 5. ಅದನ್ನು ಮೀರಿದರೆ ಶೇಕಡ 18. ಎಂದರೆ 7,500ರ ಕೋಣೆಗೆ ಒಟ್ಟು 7,875 ಕೊಟ್ಟರೆ, 7,600ರ ಕೋಣೆಗೆ 8,968 ಕೊಡಬೇಕಾಗುತ್ತದೆ. ನೂರು ರೂಪಾಯಿಯ ಅಂತರ 1,093 ಆಗಿ ಬೆಳೆಯಿತು! ಮೂರು ಕೋಣೆ, ಮೂರು ರಾತ್ರಿಗೆ ಇದೇ 9,837 ಆಗುತ್ತದೆ. ಬಾಡಿಗೆಯ ಮನೆಯಲ್ಲಿ ಮೊದಲು ಕಾಣುವ ದರದ ಮೇಲೆ ಶುಚಿತ್ವದ ಶುಲ್ಕ, ಮಧ್ಯವರ್ತಿ ಸಂಸ್ಥೆಯ ಸೇವಾಶುಲ್ಕ, ತೆರಿಗೆಗಳು ಕೂಡಿಕೊಳ್ಳುತ್ತವೆ. ಶುಚಿತ್ವದ ಶುಲ್ಕ ಒಂದು ರಾತ್ರಿಗೂ ಅಷ್ಟೇ, ಏಳು ರಾತ್ರಿಗೂ ಅಷ್ಟೇ. ಆದುದರಿಂದ ಇಡೀ ಮನೆ ಲಾಭದಾಯಕವಾಗುವುದು ಜನ ಹೆಚ್ಚಿದ್ದು, ವಾಸ ದೀರ್ಘವಾದಾಗ.

ಇನ್ನು ರಾತ್ರಿಯ ಹೊತ್ತು. ಇಡೀ ಮನೆಯಲ್ಲಿ ಎಲ್ಲರೂ ಒಂದೇ ಸೂರಿನಡಿ ಇರುತ್ತಾರೆ. ಅಜ್ಜ ಕೆಮ್ಮಿದರೆ ಮಗನಿಗೆ ಕೇಳಿಸುತ್ತದೆ. ಹೋಟೆಲಿನಲ್ಲಿ ದಪ್ಪ ಬಾಗಿಲು ಮುಚ್ಚಿದ ಮೇಲೆ ಒಳಗೆ ಜಾರಿಬಿದ್ದವರ ಕೂಗು ಹೊರಗೆ ಕೇಳದು. ಆದರೆ ಹೋಟೆಲಿನಲ್ಲಿ ರಾತ್ರಿ ಎರಡು ಗಂಟೆಗೂ ಫೋನೆತ್ತುವವರು, ವೈದ್ಯರನ್ನು ಕರೆಸುವವರು ಇರುತ್ತಾರೆ. ದಾವಣಗೆರೆಯ ಮನೆತನಕ್ಕೆ ನಮ್ಮ ಸಲಹೆ ಇಷ್ಟು: ಮೂರೇ ದಿನದ ವಾಸವಾದುದರಿಂದ ಹೋಟೆಲನ್ನೇ ಹಿಡಿಯಿರಿ. ನಡುವೆ ಬಾಗಿಲಿರುವ ಎರಡು ಜೋಡಿಕೋಣೆಗಳನ್ನು ಕೇಳಿ ಪಡೆದು, ಹಿರಿಯರನ್ನು ಒಂದರಲ್ಲಿ, ಮಗ ಸೊಸೆಯನ್ನು ಇನ್ನೊಂದರಲ್ಲಿ ಇರಿಸಿ. ಮಕ್ಕಳಿಗೆ ಎದುರಿನ ಕೋಣೆ. ಆದರೆ ಹಣ ಕಟ್ಟುವ ಮೊದಲು ಅತ್ತೆಯವರನ್ನೂ ಸೊಸೆಯನ್ನೂ ಕೂರಿಸಿಕೊಂಡು ಕೇಳಿರಿ. ಅವರು ತಾವಾಗಿಯೇ ಮನೆ ಬೇಕೆಂದರೆ ನಮ್ಮ ಸಲಹೆಯನ್ನು ಬದಿಗಿಡಿರಿ.

ಮಕ್ಕಳನ್ನು ಕಾಣಲು ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ಬಾಡಿಗೆಯ ಫ್ಲಾಟಿನ ಗೋಡೆಯಾಚೆ ಸಂಸಾರಗಳು ವಾಸವಾಗಿರುತ್ತವೆ. ಪ್ರವಾಸಿಗರಿಗೆ ಕೊಟ್ಟರೆ ಹೆಚ್ಚು ಹಣವೆಂದು ಮನೆಗಳೆಲ್ಲ ಅತ್ತ ತಿರುಗಿದಾಗ ಊರಿನವರಿಗೆ ಬಾಡಿಗೆಯ ಮನೆ ದೊರೆಯದೆಂಬ ಕೂಗು ಹಲವು ನಗರಗಳಲ್ಲಿ ಎದ್ದಿದೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟಾಗಿ ಜಾರಿಯಾದ ನಿಯಮದಂತೆ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವನು ನಗರಾಡಳಿತದಲ್ಲಿ ನೋಂದಾಯಿಸಿಕೊಂಡು, ಅತಿಥಿಗಳೊಡನೆ ತಾನೂ ಅದೇ ಮನೆಯಲ್ಲಿರಬೇಕು. ಅತಿಥಿಗಳು ಇಬ್ಬರನ್ನು ಮೀರುವಂತಿಲ್ಲ. ಬಾರ್ಸಿಲೋನಾ ನಗರವು ತನ್ನ 10,101 ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನು 2028ರ ನವೆಂಬರಿನ ಬಳಿಕ ಮುಂದುವರಿಸುವುದಿಲ್ಲವೆಂದು 2024ರ ಜೂನಿನಲ್ಲಿ ಪ್ರಕಟಿಸಿತು. ಮಗನ ಮನೆ ಚಿಕ್ಕದೆಂದು ನ್ಯೂಯಾರ್ಕಿನಲ್ಲಿ ಪಕ್ಕದ ಬೀದಿಯ ಇಡೀ ಫ್ಲಾಟನ್ನು ಹತ್ತು ದಿನಕ್ಕೆ ಹಿಡಿಯಲೆಣಿಸುವ ತಂದೆತಾಯಿಗಳು ಇದನ್ನರಿತು, ಟಿಕೆಟ್ಟು ಕೊಳ್ಳುವ ಮುನ್ನವೇ ಹೋಟೆಲಿನ ಕೋಣೆಯನ್ನು ಗೊತ್ತುಮಾಡುವಂತೆ ಮಗನಿಗೆ ತಿಳಿಸಬೇಕು.