ಶುಂಠಿಯ ಚೀಲಕ್ಕೆ ಬ್ಲಾಕ್‌ಚೈನ್: ಮೊದಲ ನಮೂದು ಯಾರ ಹೆಸರಿನಲ್ಲಿ?

ಹಳೆಯ ಕಿರ್ದಿ ಪುಸ್ತಕದಲ್ಲಿ ಒಮ್ಮೆ ಬರೆದ ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ತಪ್ಪಿದ್ದಲ್ಲಿ ಎದುರು ಜಮಾಖರ್ಚು ಬರೆದೇ ಸರಿಪಡಿಸಬೇಕಿತ್ತು. ಕೃಷಿ ಸರಬರಾಜು ಸರಪಳಿಗೆ ಅಳವಡಿಸಬೇಕೆಂದು ಎಲ್ಲೆಡೆ ಕೇಳಿಬರುತ್ತಿರುವ ಬ್ಲಾಕ್‌ಚೈನ್ ತಂತ್ರಜ್ಞಾನದ ಮೂಲತತ್ತ್ವವೂ ಇದೇ ಆಗಿದೆ. ಕಿರ್ದಿಯು ಒಂದೇ ಅಂಗಡಿಯಲ್ಲಿರುತ್ತಿತ್ತು. ಇಲ್ಲಿ ಅದರ ಪ್ರತಿಗಳು ವ್ಯವಹಾರದಲ್ಲಿ ಪಾಲ್ಗೊಂಡ ಹಲವರ ಗಣಕಯಂತ್ರಗಳಲ್ಲಿರುತ್ತವೆ. ಒಬ್ಬರು ತಿದ್ದಲು ಹೊರಟರೆ ಉಳಿದವರ ಪ್ರತಿಗಳೊಂದಿಗೆ ಅದು ತಾಳೆಯಾಗುವುದಿಲ್ಲ.

ಇದನ್ನು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಕಾಫಿ ಮಂಡಳಿಯು 2019ರ ಮಾರ್ಚ್‌ನಲ್ಲಿಯೇ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. 2021ರಲ್ಲಿ ಸಾಂಬಾರ ಮಂಡಳಿಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಇಂತಹುದೇ ಒಪ್ಪಂದ ಮಾಡಿಕೊಂಡಿತು. ಐರೋಪ್ಯ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮವು, ಜಾರಿ ಮುಂದೂಡಲ್ಪಟ್ಟಿದ್ದರೂ, ಕಾಫಿ ಬೆಳೆದ ತಾಕಿನ ಅಕ್ಷಾಂಶ ರೇಖಾಂಶಗಳನ್ನೇ ಕೇಳುತ್ತದೆ.

ಆದರೆ ನಮ್ಮ ಗಾವಡಗೆರೆ ಹೋಬಳಿಯಲ್ಲಿ ಇದರ ಉಪಯೋಗವೆಲ್ಲಿ? ಮೊದಲಿಗೆ ಮನಸ್ಸಿಗೆ ಬರುವುದು ಹೊಗೆಸೊಪ್ಪು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಅದರ ಅಗತ್ಯ ಅತಿ ಕಡಿಮೆ. 1975ರ ಕಾಯಿದೆಯನ್ವಯ ಸ್ಥಾಪಿತವಾದ ತಂಬಾಕು ಮಂಡಳಿಯು ಬೆಳೆಗಾರನ ನೋಂದಣಿ, ಬ್ಯಾರನ್ ಪರವಾನಗಿ, ಬೇಲಿನ ತೂಕ, ಹರಾಜಿನ ದರ ಎಲ್ಲವನ್ನೂ ಒಂದೇ ಕಡೆ ದಾಖಲಿಸುತ್ತದೆ. ದರದ ಬಗ್ಗೆ ರೈತರು ಪ್ರತಿಭಟಿಸುವುದುಂಟು. ಆದರೆ ಬೇಲು ಯಾರದೆಂಬ ತಕರಾರು ವಿರಳ. ಉಭಯತ್ರರೂ ಒಪ್ಪುವ ಒಬ್ಬ ಲೆಕ್ಕಿಗನಿರುವಲ್ಲಿ ಹತ್ತು ಪ್ರತಿಗಳ ಲೆಕ್ಕ ದುಬಾರಿಯೇ ಸರಿ.

ಶುಂಠಿಯ ಸ್ಥಿತಿ ಬೇರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಬಹುಪಾಲು ಶುಂಠಿಯು 60 ಕಿಲೋ ಚೀಲದ ಲೆಕ್ಕದಲ್ಲಿ ಹೊಲದಲ್ಲಿಯೇ ಕೈಬದಲಾಗುತ್ತದೆ. ಏಲಕ್ಕಿಗಿರುವಂತಹ ಹರಾಜು ಇದಕ್ಕಿಲ್ಲ. ಮಣ್ಣಿಗೆಂದು ಎಷ್ಟು ಕಡಿತ, ಮುಂಗಡ ಎಷ್ಟು, ಬಾಕಿ ಎಂದು ಎಂಬುದೆಲ್ಲ ಬಾಯಿಮಾತು. ಬಿತ್ತನೆ ಗೆಡ್ಡೆಯ ವಿಷಯವಂತೂ ಇನ್ನೂ ಗಂಭೀರ. ಕೊಳೆ ರೋಗವು ಗೆಡ್ಡೆಯೊಡನೆಯೇ ಹೊಸ ಹೊಲಕ್ಕೆ ಪ್ರಯಾಣ ಮಾಡುತ್ತದೆ. ಕೊಂಡ ಚೀಲವು ರೋಗ ಬಿದ್ದ ತಾಕಿನದೇ ಎಂಬುದನ್ನು ಅರಿಯಲು ವರ್ತಕನಿಗಾಗಲಿ ರೈತನಿಗಾಗಲಿ ದಾರಿಯಿಲ್ಲ. ಚೀಲದ ಮೂಲ ತಿಳಿಸುವ, ಯಾರೂ ತಿದ್ದಲಾಗದ ದಾಖಲೆಗೆ ಇಲ್ಲಿ ನಿಜವಾದ ಬೆಲೆಯಿದೆ. ಒಣಶುಂಠಿ, ಶುಂಠಿ ಪುಡಿ ತಯಾರಿಸುವ ಸಣ್ಣ ಘಟಕಗಳಿಗೂ ಅದು ಆಧಾರವಾದೀತು.

ತೊಡಕಿರುವುದು ಮೊದಲ ನಮೂದಿನಲ್ಲಿ. ಶುಂಠಿ ಬೆಳೆಯುವವರಲ್ಲಿ ಅನೇಕರು, ವಯನಾಡಿನ ಕಡೆಯಿಂದ ಬಂದವರೂ ಸೇರಿದಂತೆ, ಗುತ್ತಿಗೆಗೆ ಜಮೀನು ಹಿಡಿದವರು. ಕರ್ನಾಟಕ ಭೂಸುಧಾರಣಾ ಕಾಯಿದೆಯು 1974ರ ತಿದ್ದುಪಡಿಯ ನಂತರ, ಕೆಲವು ವಿನಾಯಿತಿಗಳ ಹೊರತು, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಹೀಗಾಗಿ ಕರಾರು ಬಾಯಿಮಾತಿನದು. ಪಹಣಿಯಲ್ಲಿರುವುದು ಮಾಲೀಕನ ಹೆಸರು. ಫ್ರೂಟ್ಸ್ ಗುರುತಿನ ಸಂಖ್ಯೆಯೂ ಪಹಣಿಯನ್ನೇ ಅನುಸರಿಸುತ್ತದೆ. ಬೆಳೆದವನ ಹೆಸರು ಬರೆದರೆ ಕಾನೂನಿನ ಭಯ, ಮಾಲೀಕನ ಹೆಸರು ಬರೆದರೆ ದಾಖಲೆಯೇ ಸುಳ್ಳು. ಸುಳ್ಳನ್ನು ಅಳಿಸಲಾಗದಂತೆ ಬರೆದಿಡುವುದಕ್ಕೆ ಇಷ್ಟು ಖರ್ಚು ಬೇಕೆ?

ನಮ್ಮವರ ಹಿಂಜರಿಕೆಯನ್ನೂ ಮರೆಮಾಚಬಾರದು. ಖರೀದಿ ದರವು ಪ್ರತಿಸ್ಪರ್ಧಿಯ ಕಣ್ಣಿಗೆ ಬೀಳುವುದು ಯಾವ ವರ್ತಕನಿಗೂ ಇಷ್ಟವಿಲ್ಲ. ದರವನ್ನು ಗೋಪ್ಯವಾಗಿಟ್ಟು ತೂಕ, ತಾಕು, ದಿನಾಂಕಗಳನ್ನು ಮಾತ್ರ ಹಂಚಿಕೊಳ್ಳುವಂತೆಯೂ ಈ ವ್ಯವಸ್ಥೆಯನ್ನು ರೂಪಿಸಬಹುದೆಂಬುದು ಹಲವರಿಗೆ ತಿಳಿದಿಲ್ಲ.

ಆದುದರಿಂದ ವಾಣಿಜ್ಯ ಮಂಡಳಿಗಳು ತಂತ್ರಾಂಶ ಕೊಳ್ಳುವ ಮೊದಲು ಎರಡು ಕೆಲಸಗಳಿಗೆ ಕೈಹಾಕಬೇಕೆಂಬುದು ನನ್ನ ವಿನಂತಿ. ಬೆಳೆಯ ದಾಖಲೆಯಲ್ಲಿ ಸಾಗುವಳಿದಾರನ ಹೆಸರು ಬರೆದ ಮಾತ್ರಕ್ಕೆ ಅವನಿಗೆ ಭೂಮಿಯ ಹಕ್ಕು ಹುಟ್ಟುವುದಿಲ್ಲವೆಂಬ ಸ್ಪಷ್ಟ ನಿಯಮವನ್ನು ರಾಜ್ಯ ಸರ್ಕಾರದಿಂದ ಕೇಳಬೇಕು. ಮಾಲೀಕನ ಅಂಜಿಕೆ ಇರುವುದೇ ಅಲ್ಲಿ. ಇನ್ನೊಂದು, ಬಿತ್ತನೆ ಶುಂಠಿಗೆ ಮಾತ್ರ, ಒಂದು ಹೋಬಳಿಯಲ್ಲಿ, ಒಂದು ಹಂಗಾಮಿಗೆ, ಮುದ್ರೆಯೊತ್ತಿದ ತಕ್ಕಡಿಯ ತೂಕ ಮತ್ತು ತಾಕಿನ ಸರ್ವೆ ನಂಬರಿರುವ ಚೀಟಿಯ ಪದ್ಧತಿಯನ್ನು ಕಾಗದದಲ್ಲಿಯೇ ನಡೆಸಿ ನೋಡಬೇಕು. ಬಿತ್ತನೆ ಗೆಡ್ಡೆಯ ವ್ಯಾಪಾರವು ಮುಂಗಾರು ಪೂರ್ವದಲ್ಲಿಯೇ ಮುಗಿಯುವುದರಿಂದ ಸಿದ್ಧತೆಗೆ ಹೆಚ್ಚು ಕಾಲವಿಲ್ಲ. ತಕ್ಕಡಿಯ ವೆಚ್ಚವನ್ನು ಖರೀದಿದಾರರೇ ಹಂಚಿಕೊಳ್ಳುವುದು ನ್ಯಾಯವೆಂದು ನಾನು ಭಾವಿಸುತ್ತೇನೆ. ರೋಗದ ಚೀಲ ಬಂದಾಗ ಬಾಕಿ ಮುಳುಗುವುದು ಅವರದೇ ತಾನೆ.