ನಿಮ್ಮ ದವಡೆ ಟೆಕ್ಸ್ಟ್‌ಬುಕ್ ಚಿತ್ರ ಅಲ್ಲ

1/4
"ಎಲ್ಲರಿಗೂ ಒಂದೇ ಥರ ಇರುತ್ತೆ, ಏನೂ ಆಗಲ್ಲ." ವಿಸ್ಡಮ್ ಟೂತ್ ಕೀಳಿಸೋಕೆ ಹೋದಾಗ ಈ ಮಾತು ಕೇಳಿದ್ದೀರಾ? ಹಾಗಾದ್ರೆ ನಾಲ್ಕೂ ಕ್ಯಾಪ್ಷನ್ ಓದಿ. ಫೋಟೋದಲ್ಲಿರೋದು ನನ್ನ ಓಪಿಜಿ, ಅಂದ್ರೆ ಇಡೀ ದವಡೆಯ ಎಕ್ಸ್‌ರೇ. (ಹೌದು, ನಾನು ಬಿಕಾಂ. ನನ್ನ ಹಲ್ಲಿನ ಬಗ್ಗೆ ಕೇಳೋಕೆ ಬಿಡಿಎಸ್ ಬೇಕಾ?)

2/4
ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ ಇದೆ. ಅದರೊಳಗೆ ಒಂದು ನರ ದವಡೆ ಹಲ್ಲುಗಳ ಬೇರಿನ ಕೆಳಗೆ ಸಾಗುತ್ತೆ. ಅದರ ಒಂದು ಕವಲು ಗದ್ದದ ಪಕ್ಕದ ಸಣ್ಣ ರಂಧ್ರದಿಂದ ಹೊರಬರುತ್ತೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಗೊತ್ತಾಗೋದು ಅದರಿಂದಲೇ. ಪುಸ್ತಕದಲ್ಲಿ ಒಂದೇ ಕಾಲುವೆ, ಒಂದೇ ರಂಧ್ರ. ಆದರೆ ಕೆಲವರಲ್ಲಿ ಕಾಲುವೆಯೇ ಎರಡಾಗಿ ಒಡೆದಿರುತ್ತೆ, ಕೆಲವರಿಗೆ ಒಂದೇ ಬದಿಯಲ್ಲಿ ಎರಡು ರಂಧ್ರ. ರೋಗ ಅಲ್ಲ, ಅವರ ದವಡೆ ಇರೋದೇ ಹಾಗೆ. ಅಂಥವರಿಗೆ ಇಂಜೆಕ್ಷನ್ ಕೊಟ್ಟರೂ ಪೂರ್ತಿ ಮರಗಟ್ಟದೇ ಇರಬಹುದು. ಆಗ "ಭಯಕ್ಕೆ ಹಾಗನ್ಸುತ್ತೆ, ಸುಮ್ನಿರಮ್ಮಾ" ಅನ್ನೋದು ಯಾವ ನ್ಯಾಯ?
ನಮ್ಮ ಸೀನಿಯರ್ ಅಕ್ಕನಿಗೆ ಹಲ್ಲು ಕಿತ್ತು ಐದು ತಿಂಗಳಾಯ್ತು. ತುಟಿಯ ಎಡಭಾಗ ಇನ್ನೂ ಜೋಮು. ಟೀ ಸೋರಿದರೂ ಗೊತ್ತಾಗಲ್ಲ. ಕಾರಣ ಏನೇ ಇರಲಿ, ಸಹಿ ಹಾಕಿಸಿಕೊಳ್ಳೋ ಮುಂಚೆ ಅವಳ ಓಪಿಜಿಯನ್ನ ಅವಳಿಗೇ ಯಾರೂ ತೋರಿಸಿರಲಿಲ್ಲ.

3/4
1985ರ ಒಂದು ಅಧ್ಯಯನದಲ್ಲಿ 6,000 ಓಪಿಜಿ ನೋಡಿದಾಗ 57ರಲ್ಲಿ ಮಾತ್ರ ಎರಡಾದ ಕಾಲುವೆ ಸಿಕ್ಕಿತ್ತು. "ಶೇ. 1 ಕೂಡ ಇಲ್ಲ, ಬಿಡು ಗುರು" ಅಂತೀರಾ? ಅಕೌಂಟ್ಸ್ ಓದೋರೇ ಹೀಗಂದ್ರೆ ಹೇಗೆ! ಓಪಿಜಿ ಚಪ್ಪಟೆ ಚಿತ್ರ. ಮೂರು ಆಯಾಮದ ಸಿಬಿಸಿಟಿಯಲ್ಲಿ ಹುಡುಕಿದವರಿಗೆ ಎಷ್ಟೋ ಪಟ್ಟು ಜಾಸ್ತಿ ಸಿಕ್ಕಿದೆ.
ಹಾಗಂತ ಬಂದವರಿಗೆಲ್ಲ ಸಿಬಿಸಿಟಿ ಬರೆಯೋದನ್ನೂ ನಾನು ಒಪ್ಪಲ್ಲ. ದುಡ್ಡೂ ಜಾಸ್ತಿ, ಸಾಮಾನ್ಯವಾಗಿ ರೇಡಿಯೇಶನ್ನೂ ಜಾಸ್ತಿ. ಬೇರು ನರಕ್ಕೆ ತಾಗಿದ ಹಾಗೆ ಓಪಿಜಿಯಲ್ಲಿ ಕಂಡರೆ ಅದಕ್ಕೊಂದು ಅರ್ಥ ಇದೆ.

4/4
ಇನ್ನು ಉಲ್ಟಾ ಕೇಸ್. ಎಕ್ಸ್‌ರೇಯಲ್ಲಿ ಕಪ್ಪು ಚುಕ್ಕೆ ಕಂಡ ತಕ್ಷಣ ಗೂಗಲ್ ಮಾಡಿ ಅಳೋದು! ಅದೇ ಗದ್ದದ ಪಕ್ಕದ ರಂಧ್ರ ಹಲ್ಲಿನ ಬೇರಿನ ತುದಿಗೆ ಸರಿಯಾಗಿ ಬಂದು ಕೂತರೆ ಕೀವು ತುಂಬಿದ ಹಾಗೇ ಕಾಣುತ್ತೆ. ಹಲ್ಲಿಗೆ ಜೀವ ಇದೆಯಾ ಅಂತ ತಣ್ಣಗಿನದು ಮುಟ್ಟಿಸಿ ನೋಡದೆ ರೂಟ್ ಕೆನಾಲ್‌ಗೆ ಒಪ್ಪಬೇಡಿ. ದವಡೆಯ ಮೂಲೆಯ ಹತ್ತಿರ, ಕಾಲುವೆಯ ಕೆಳಗೆ ಕಾಣೋ ಇನ್ನೊಂದು ಗುಳಿಯನ್ನ 1942ರಲ್ಲೇ ಎಡ್ವರ್ಡ್ ಸ್ಟಾಫ್ನೆ ವಿವರಿಸಿದ್ದರು. ನೋಡೋಕೆ ಸಿಸ್ಟ್, ಸಾಮಾನ್ಯವಾಗಿ ಒಳಗಿರೋದು ಬರೀ ಜೊಲ್ಲುಗ್ರಂಥಿ. ಅದಕ್ಕೆ ಆಪರೇಷನ್ ಯಾಕೆ?
ಸಹಿ ಹಾಕೋ ಮುಂಚೆ "ನನ್ನ ನರ ಎಲ್ಲಿದೆ, ತೋರಿಸಿ ಡಾಕ್ಟ್ರೇ" ಅನ್ನಿ. ಎಕ್ಸ್‌ರೇ ಕಾಪಿನೂ ಕೇಳಿ ಇಸ್ಕೊಳ್ಳಿ. ದುಡ್ಡು ಕೊಟ್ಟಿರೋದು ನೀವೇ ತಾನೆ?